ಅರ್ಪಿತ ಮಾತ್ರೆ ನಿಲ್ಲಿಸಿದ ವರ್ಷ

ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಅರ್ಪಿತ ಕಂಡಕ್ಟರಾಗಿ ಏಳು ವರ್ಷವಾಗಿತ್ತು. ಫುಟ್‌ಬೋರ್ಡಿನ ಮೇಲೆ ನಿಂತು ತಕರಾರು ತೆಗೆಯುವ ಗಂಡಸರನ್ನು ಒಂದು ನೋಟದಲ್ಲಿ ಒಳಗೆ ಸರಿಸುವ ಹೆಂಗಸು ಎಂದು ಆ ದಾರಿಯವರಿಗೆಲ್ಲ ಗೊತ್ತು. ಬಂಡೂರಿನಲ್ಲಿದ್ದ ಅವಳ ಅತ್ತೆ ಚಲುವಮ್ಮನಿಗೆ ಮಾತ್ರ ಆ ನೋಟ ತಾಗುತ್ತಿರಲಿಲ್ಲ.

ಚಲುವಮ್ಮ ಕುರಿ ಸಾಕಿ ಹೆಸರಾದವಳು. ಹೊಟ್ಟೆಯ ಕೆಳಗೆ ಕೈಯಾಡಿಸಿ ಯಾವುದು ಗಬ್ಬ, ಯಾವುದು ಅಲ್ಲ ಎಂದು ಹೇಳುತ್ತಿದ್ದಳು. ಗಬ್ಬ ನಿಲ್ಲದ್ದನ್ನು ಎರಡನೆಯ ವರ್ಷವೇ ಸಂತೆಗೆ ಹೊಡೆಸುತ್ತಿದ್ದಳು. ಸೊಸೆ ಬಂದು ಮೂರು ವರ್ಷವಾಗಿತ್ತು. ಕುರಿಗಳಿಗೆ ಸೊಪ್ಪು ಹಾಕುತ್ತಾ, ಅರ್ಪಿತ ಯೂನಿಫಾರ್ಮು ತೊಟ್ಟು ಹೊರಡುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದಳು: “ನಮ್ಮಟ್ಟೀಲಿ ಇಂಥದ್ನ ಇಷ್ಟ್ ದಿನ ಯಾವತ್ತೂ ಕಟ್ಟಾಕ್ಕೊಂಡಿರ್ನಿಲ್ಲ.”

ಅರ್ಪಿತ ಮಾತ್ರೆ ತೆಗೆದುಕೊಳ್ಳುತ್ತಿದ್ದಳೆಂಬುದು ಅತ್ತೆಗೆ ತಿಳಿದಿರಲಿಲ್ಲ. ಮದುವೆಯ ಹೊಸದರಲ್ಲಿ “ಈಗ್ಲೇ ಮಗು ಬ್ಯಾಡ” ಎಂದವನು ಗಂಡ ಯತೀಶ್. ಅವನಿಗೆ ಮಳವಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಅಲ್ಲಿನ ಮೆಡಿಕಲ್‌ನಲ್ಲಿ ಕೊಂಡರೆ ಗುರುತಿನವರು ನೋಡುತ್ತಾರೆಂದು ತಿಂಗಳು ತಿಂಗಳು ಮಂಡ್ಯದಿಂದ ತಂದುಕೊಡುತ್ತಿದ್ದ. ಅರ್ಪಿತಳಿಗೂ ಅದು ಅನುಕೂಲವಾಗಿತ್ತು. ಮೊದಲು ಅವಳ ಮುಟ್ಟಿಗೆ ಹೊತ್ತುಗೊತ್ತಿರಲಿಲ್ಲ. ಬಂದರೆ ಆರು ದಿನ ಸೋಕಿದ ಬಟ್ಟೆಯೆಲ್ಲ ಒದ್ದೆ. ಮಾತ್ರೆ ಶುರುವಾದ ಮೇಲೆ ಗೊತ್ತಾದ ದಿನಕ್ಕೆ ಬಂದು ಮೂರು ದಿನಕ್ಕೆ ಮುಗಿಯುತ್ತಿತ್ತು. ಆ ದಿನಗಳಲ್ಲಿ ಅವಳು ಅಡುಗೆಮನೆಗೆ ಹೋಗುತ್ತಿರಲಿಲ್ಲವಾದ್ದರಿಂದ ಅತ್ತೆಗೂ ತಾರೀಖು ಬಾಯಿಪಾಠವಾಗಿತ್ತು.

ಕಳೆದ ಯುಗಾದಿಯ ಮಾರನೆಯ ವಾರ ಯತೀಶನೇ “ಸಾಕು ನಿಲ್ಸು” ಎಂದ. ಕೈಯಲ್ಲಿದ್ದ ಪಟ್ಟಿ ಮುಗಿಸಿ ಅವಳು ನಿಲ್ಲಿಸಿದಳು. ಆ ಸಲದ ಮುಟ್ಟು ಎಂದಿನಂತೆ ಬಂತು, ಅದರ ಮುಂದಿನ ತಾರೀಖಿಗೆ ಬರಲಿಲ್ಲ. ಹತ್ತು ದಿನ ಕಾದ ಚಲುವಮ್ಮ ಪಕ್ಕದ ಮನೆಯ ಪಟ್ಟಲಮ್ಮನನ್ನು ಕರೆದು ಜಗಲಿಯಲ್ಲಿ ಕೂರಿಸಿಕೊಂಡು, “ನಿಂತದೆ ಕಣಮ್ಮಿ” ಎಂದಳು. ಅರ್ಪಿತ ಎರಡು ಸಲ ಪರೀಕ್ಷೆಯ ಕಡ್ಡಿ ತಂದು ನೋಡಿದಳು. ಎರಡು ಸಲವೂ ಒಂದೇ ಗೆರೆ.

“ಅತ್ತೆ, ಏನೂ ಇಲ್ಲ. ಊರಿಗೆಲ್ಲ ಸಾರ್ಬೇಡಿ.”

“ಆ ಕಡ್ಡಿಗೇನ್ ಗೊತ್ತಾದದು? ಮೂವತ್ತ್ ವರ್ಷದಿಂದ ನೋಡ್ತಾವ್ನಿ ನಾನು. ಬಸ್ಸಲ್ಲಿ ಕುಣ್ಯೋದ ಬುಟ್ಬುಡು.”

ಅವಳು ಬಿಡಲಿಲ್ಲ. ಮಾತ್ರೆ ನಿಲ್ಲಿಸಿದ ಎಪ್ಪತ್ತೆರಡನೆಯ ದಿನ ಮದ್ದೂರು ಬಿಟ್ಟು ಕೆ.ಎಂ. ದೊಡ್ಡಿ ಇನ್ನೂ ದೂರವಿದ್ದಾಗ ಸೊಂಟ ಕಡಿದುಬೀಳುವಂತೆ ನೋವು ಬಂತು. ದೊಡ್ಡಿಯಲ್ಲಿ ಇಳಿದು ಶೌಚಾಲಯ ಹುಡುಕುವಷ್ಟರಲ್ಲಿ ಖಾಕಿ ನೆನೆದಿತ್ತು. ಚೀಲದಲ್ಲಿದ್ದ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಉಳಿದ ಟಿಕೆಟ್ಟುಗಳನ್ನು ಹರಿದು ಕೊಟ್ಟು ಮಳವಳ್ಳಿ ಮುಟ್ಟಿದಳು. ಬಂಡೂರಿನ ನಾಲ್ಕು ಜನ ಅದೇ ಬಸ್ಸಿನಲ್ಲಿದ್ದರು.

ಅವಳು ಮನೆಗೆ ಬಂದು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತಳು. ನೀರಿನ ಬಣ್ಣ ನೋಡಿದಳು.

“ತೆಗಿಸ್ಕೊಂಡ್ ಬಂದವಳೆ ಲೌಡಿ. ಮಂಡ್ಯಕ್ಕೋಗಿ ತೆಗಿಸ್ಕೊಂಡ್ ಬಂದವಳೆ.”

ಗಂಡ ನಡುಮನೆಯಲ್ಲಿ ಶೂ ಬಿಚ್ಚುತ್ತಿದ್ದ. ಅರ್ಪಿತ ಅವನ ಮುಖವನ್ನೇ ನೋಡಿದಳು. ಅವನು ಎರಡನೆಯ ಶೂ ಬಿಚ್ಚಿ ಗೋಡೆಗೆ ಒರಗಿಸಿಟ್ಟು ಒಳಗೆ ಹೋದ. ಮಾವ ಚಿಕ್ಕಣ್ಣ ಟಿವಿಯ ಸದ್ದು ಜೋರು ಮಾಡಿದ.

ಎಂಟು ದಿನ ರಕ್ತ ನಿಲ್ಲಲಿಲ್ಲ. ಅತ್ತೆ ಅವಳಿಗೆ ಬೇರೆ ತಟ್ಟೆ ಇಟ್ಟಳು. ಅದನ್ನು ಕುರಿಗಳ ತೊಟ್ಟಿಯ ಪಕ್ಕದಲ್ಲಿ ಬೋರಲು ಹಾಕುತ್ತಿದ್ದಳು. ಬಸ್ಸಿನಲ್ಲಿ ಊರಿನ ಹೆಂಗಸರು ಅವಳ ಕೈಯಿಂದ ಟಿಕೆಟ್ಟು ಇಸಿದುಕೊಂಡು ಪರಸ್ಪರ ನೋಡಿಕೊಳ್ಳುತ್ತಿದ್ದರು. ಒಂಬತ್ತನೆಯ ದಿನ ಅರ್ಪಿತ ಯತೀಶನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, “ಶಟರ್ ಎಳೀರಿ, ಆಸ್ಪತ್ರೆಗೆ ಹೋಗಣ” ಎಂದಳು.

ಮಂಡ್ಯದ ವೈದ್ಯೆ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮಾಡಿಸಿ ಕೂರಿಸಿಕೊಂಡರು. “ಮಾತ್ರೆ ತಗೊಳ್ಳುವಾಗ ತಿಂಗಳಿಗೊಮ್ಮೆ ಬರ್ತಿದ್ದದ್ದು ನಿಜವಾದ ಮುಟ್ಟಲ್ಲ ಕಣಮ್ಮ. ಮಧ್ಯೆ ಕೆಲವು ದಿನ ಆ ಔಷಧಿ ಇರಲ್ಲವಲ್ಲ, ಅದಕ್ಕೆ ಹೋಗುತ್ತಿದ್ದ ರಕ್ತ. ನಿಲ್ಲಿಸಿದ ಮೇಲೆ ದೇಹ ತನ್ನ ದಾರಿಗೆ ಬರಬೇಕು. ಕೆಲವರಿಗೆ ಎರಡು ಮೂರು ತಿಂಗಳು ಹಿಡಿಯುತ್ತೆ. ಮೊದಲು ಜಾಸ್ತಿ ಹೋಗ್ತಿದ್ದವರಿಗೆ ಮತ್ತೆ ಜಾಸ್ತೀನೇ ಹೋಗಬಹುದು. ನಿನಗೆ ಗರ್ಭ ಇರಲೂ ಇಲ್ಲ, ಹೋಗಿಯೂ ಇಲ್ಲ. ಆದರೆ ರಕ್ತ ಕಡಿಮೆಯಾಗಿದೆ. ಎಂಟು ದಿನ ಸುಮ್ಮನೆ ಕೂತದ್ದು ತಪ್ಪು, ಮುಂದೆ ಹೀಗಾದರೆ ಮೊದಲೇ ಬಾ.”

ಯತೀಶ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಮೇಡಂ, ಚೀಟೀಲಿ ಮಾತ್ರೆ ವಿಷ್ಯ ಬರೀದಿದ್ರೆ ಒಳ್ಳೇದು.”

“ಯಾಕೆ?”

ಅವನು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿದ. ಅವರು ಬರೆದರು.

ಬಂಡೂರಿಗೆ ಬಂದಾಗ ಅತ್ತೆ, ಮಾವ, ಪಟ್ಟಲಮ್ಮ ಮೂವರೂ ಜಗಲಿಯಲ್ಲಿದ್ದರು. ಅರ್ಪಿತ ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತು ಗಂಡನ ಕಡೆ ತಿರುಗಿದಳು.

“ಹೇಳಿ ಈಗ. ಮಾತ್ರೆ ಯಾರು ತಂದ್ಕೊಡ್ತಿದ್ರು ಅಂತ ಹೇಳಿ.”

“ಒಳಗೋಗ್ ಮಾತಾಡನ.”

“ಅವತ್ತು ನನ್ನ ಲೌಡಿ ಅಂದಿದ್ದು ಬೀದಿಗೆಲ್ಲ ಕೇಳ್ಸಿದೆ. ಇಲ್ಲೇ ಹೇಳಿ.”

ಅವನು ಕುರಿಗಳ ಕಡೆ ನೋಡಿಕೊಂಡು, “ನಾನೇ ಕಣವ್ವ, ತಂದ್ಕೊಡ್ತಿದ್ದೆ. ನಾನೇ ಮಗು ಬ್ಯಾಡ ಅಂದಿದ್ದು” ಎಂದ.

ಚಲುವಮ್ಮ ಮಗನನ್ನು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. “ಅವನ್ ತಂದ್ಕೊಟ್ರೆ ನೀನ್ ನುಂಗ್ಬುಡದಾ? ಅವನಿಗ್ ಬುದ್ಧಿ ಇಲ್ಲ. ನಿನಗೂ ಇರ್ನಿಲ್ವ?”

ಇಷ್ಟು ದಿನ ಸತ್ಯ ಹೊರಗೆ ಬಂದರೆ ಸಾಕು ಎಂದುಕೊಂಡಿದ್ದಳು ಅರ್ಪಿತ. ಬಂದದ್ದಾಯಿತು, ಅದರಿಂದ ಏನೂ ಆಗಲಿಲ್ಲ. ಅವಳಿಗೆ ಅಳು ಬರಲಿಲ್ಲ. ಒಳಗೆ ಹೋಗಿ ಎರಡು ಬ್ಯಾಗು ತುಂಬಿದಳು. ಅದೇ ವಾರ ಮಳವಳ್ಳಿಯಲ್ಲಿ ಡಿಪೋ ಹತ್ತಿರ ಒಂದು ಕೋಣೆ ಹಿಡಿದಳು.

ಮುಂದಿನ ಮುಟ್ಟು ನಲವತ್ತೊಂದು ದಿನಕ್ಕೆ ಬಂತು, ಅದರ ಮುಂದಿನದು ಮೂವತ್ತಾರಕ್ಕೆ. ವೈದ್ಯೆ ಕೊಟ್ಟ ಕಬ್ಬಿಣದ ಮಾತ್ರೆಯಿಂದ ಸುಸ್ತು ತಗ್ಗಿತು. ಆರನೆಯ ತಿಂಗಳಿಗೆ ಮುಟ್ಟು ಮೂವತ್ತು ಮೂವತ್ತೊಂದು ದಿನಕ್ಕೊಮ್ಮೆ ಎಂದು ಸ್ಥಿರವಾಯಿತು. ನೋವು ಇತ್ತು, ಆದರೆ ಯಾವಾಗ ಬರುತ್ತದೆಂದು ತಿಳಿಯುತ್ತಿತ್ತು.

ಯತೀಶ್ ಭಾನುವಾರಗಳಲ್ಲಿ ಬಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರುತ್ತಾನೆ. ಒಮ್ಮೆ, “ಅವ್ವ ಕೇಳ್ತಾವ್ಳೆ, ಈ ತಿಂಗ್ಳು ಏನಾಯ್ತು ಅಂತ” ಎಂದ.

“ಅವರು ಕೇಳಿದ್ರು, ನೀವು ಬಂದ್ ನನ್ನ ಕೇಳ್ತಾ ಇದೀರಾ?”

ಅವತ್ತು ಅವಳು ಅವನಿಗೆ ಕಾಫಿ ಮಾಡಲಿಲ್ಲ.

ಮಗು ಬೇಕೋ ಬೇಡವೋ ಎಂಬುದನ್ನು ಅವಳು ಇನ್ನೂ ತೀರ್ಮಾನಿಸಿಲ್ಲ. ಬೇಕೆನಿಸಿದರೂ ಆ ಮಾತನ್ನು ಬಂಡೂರಿಗೆ ಒಯ್ಯುವವನು ಯತೀಶನಾಗಬಾರದು ಎಂಬುದೊಂದು ಗಟ್ಟಿಯಾಗಿದೆ. ಚಲುವಮ್ಮ ಈಗ ಮದ್ದೂರಿಗೆ ಹೋಗಬೇಕಾದರೆ ಸ್ಟ್ಯಾಂಡಿನಲ್ಲಿ ಮೊದಲು ಬಸ್ಸಿನೊಳಗೆ ಇಣುಕಿ ನೋಡುತ್ತಾಳೆ. ಸೊಸೆ ಕಂಡರೆ ಹತ್ತುವುದಿಲ್ಲ. ಅರ್ಪಿತ ಅವಳನ್ನು ನೋಡಿಯೂ ಸೀಟಿ ಊದುತ್ತಾಳೆ, ಬಸ್ಸು ಹೊರಡುತ್ತದೆ.