ನಾನು ಮಾಡದ ದನಿ

ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಅದನ್ನು ಅವರದೇ ದನಿಯಲ್ಲಿ ಮುಗಿಸಿ ನಾಲ್ಕು ಮಂದಿಯನ್ನು ನಗಿಸುವುದು ನನ್ನ ಕೆಲಸವಾಗಿತ್ತು. ಬೇರೆ ವಿದ್ಯೆ ನನಗೆ ಹತ್ತಲಿಲ್ಲ. ಸಿಂಧನೂರು ಬಸ್ಸಿನ ಕಂಡಕ್ಟರ್, ಮಠದ ಅಯ್ಯನವರು, ಕೆಮ್ಮುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದರು. ನಪಾಸಾದಾಗ ಮಾಸ್ತರರ ದನಿಯಲ್ಲಿ ನನ್ನನ್ನು ನಾನೇ ಬೈದುಕೊಂಡು ಮನೆಯವರ ಶ್ರಮ ಉಳಿಸಿದವನು ನಾನು. ಇಂಥವನು ‘ನಂಬಿರಿ’ ಎಂದರೆ ನೀವು ನಂಬಬೇಕಿಲ್ಲ. ನಾನಾಗಿದ್ದರೆ ನಂಬುತ್ತಿರಲಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಸ್ಕಿಯ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಊರಲ್ಲಿ ಗಲಾಟೆ ಎದ್ದ ಕಾಲದಲ್ಲಿ ಜೀವ ಉಳಿದರೆ ಸಾಕೆಂದು ಮನೆ ಬಿಟ್ಟು ಹೋಗಿದ್ದೆವು. ಮರಳಿ ಬಂದು ನೋಡಿದರೆ ಮಾಳಿಗೆಯ ಮೇಲೆ ಹುಲ್ಲು ಬೆಳೆದಿತ್ತು, ಮಳೆನೀರು ಒಳಗಿಳಿದಿತ್ತು, ಪಡಸಾಲೆಯ ನಡುವಿನ ತೊಲೆ ಉಂಡವರ ಹೊಟ್ಟೆಯಂತೆ ಕೆಳಗೆ ಬಾಗಿತ್ತು. ಹೇಗೋ ಒಂದು ವರ್ಷ ದೂಡಿದೆವು. ಅಷ್ಟರಲ್ಲಿ ಅಕ್ಕ ಬಾಣಂತನಕ್ಕೆ ಬಂದಳು, ಹೆಣ್ಣುಕೂಸು ಹುಟ್ಟಿತು. ಇನ್ನು ತಡ ಮಾಡುವುದು ಬೇಡವೆಂದು ಅಪ್ಪ ಗುರುಗುಂಟಾದಿಂದ ಗೌಂಡಿ ಭೀಮಣ್ಣನನ್ನು ಕರೆಸಿದರು.

ಭೀಮಣ್ಣ ಏಣಿ ಹತ್ತಿ, ಕರಣಿಯ ಹಿಡಿಯಿಂದ ತೊಲೆಯನ್ನು ಅಲ್ಲಲ್ಲಿ ತಟ್ಟಿ, ಕಿವಿ ಹಚ್ಚಿ ಕೇಳಿದ. “ಒಳಗ ಗೆದ್ಲ ತಿಂದು ಹಿಟ್ಟು ಮಾಡ್ಯಾವ್ರೀ ಸಾವ್ಕಾರ್ರ. ತೊಲಿ ಬದಲಿ ಮಾಡಾಕಬೇಕ್ರಿ” ಎಂದ. ಹೊಸ ತೊಲೆ ಲಿಂಗಸುಗೂರಿನಿಂದ ಬರಬೇಕು. ಅಲ್ಲಿಯವರೆಗೆ ಇರಲಿ ಎಂದು ತೊಲೆಯ ನಟ್ಟನಡುವೆ ಒಂದು ಆಸರೆಗಂಬ ನಿಲ್ಲಿಸಿದ. ಹೋಗುವಾಗ ಅಕ್ಕನಿಗೆ, “ತಂಗೆವ್ವಾ, ಈ ಕಂಬ ಯಾರೂ ಮುಟ್ಟಬ್ಯಾಡ್ರಿ ಮತ್ತ” ಎಂದು ಹೇಳಿದ. ಹೆಣ್ಣುಮಕ್ಕಳೆಲ್ಲ ಅವನಿಗೆ ತಂಗೆವ್ವನೇ. ತಂಬಾಕು ತುಂಬಿದ ಬಾಯಿ, ಬಾವಿಯ ತಳದಿಂದ ಬಂದಂಥ ದನಿ. ನನಗೆ ಅಷ್ಟು ಸಾಕು. ಮರುದಿನವೇ ಅಂಗಳದಲ್ಲಿ ಮರೆಗೆ ನಿಂತು, “ತಂಗೆವ್ವಾ, ಒಂದೀಟು ಮಜ್ಜಿಗಿ ಕೊಡವಾ” ಎಂದೆ. ಅಜ್ಜಿ ತಂಬಿಗೆ ತುಂಬ ಮಜ್ಜಿಗೆ ಹಿಡಿದು ಬಂದಳು. ಮಜ್ಜಿಗೆ ಕುಡಿದೆ, ಬೈಗುಳವನ್ನೂ ಕುಡಿದೆ.

ತೊಡಕು ಬಂದದ್ದು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇದ್ದದ್ದು ಅದೇ ತೊಲೆಗೆ. ಆಸರೆಗಂಬ ನಿಂತದ್ದು ಸರಿಯಾಗಿ ಅದರ ಕೆಳಗೆ.

“ಈ ಮನ್ಯಾಗ ಹುಟ್ಟಿದ್ದೆಲ್ಲಾ ಆ ಕೊಂಡಿಗೇ ತೂಗ್ಯಾವು” ಎಂದಳು ಅಜ್ಜಿ. “ಈ ಕೂಸೇನು ಬೀದ್ಯಾಗ ತೂಗಬೇಕೇನು?”

“ಭೀಮಣ್ಣ ಬ್ಯಾಡ ಅಂದಾನಬೇ” ಎಂದರು ಅಪ್ಪ.

“ಭೀಮಣ್ಣ ಗ್ವಾಡಿ ಕಟ್ಟಾಂವ. ತೊಟ್ಲದ ಶಾಸ್ತ್ರ ಅವಗೇನು ಗೊತ್ತು? ಹೊತ್ತು ಮುಣುಗೂದ್ರಾಗ ಕಂಬ ತಿರುಗಿ ಇಟ್ರಾತು, ನಡಿ.”

ಅಪ್ಪ ತಮ್ಮ ತಾಯಿಯೆದುರು ಗೆದ್ದದ್ದನ್ನು ನಾನು ಕಂಡಿಲ್ಲ. ತಾವೇ ನಿಂತು ಕಂಬ ಸರಿಸಿದರು. ತೊಲೆ ಅಲುಗಲಿಲ್ಲ. “ನೋಡ್ದ್ಯಾ?” ಎಂದಳು ಅಜ್ಜಿ.

ಮಧ್ಯಾಹ್ನದ ಹೊತ್ತಿಗೆ ಹೆಸರಿಡುವುದು ಮುಗಿದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ವಾಡಿಕೆಯಂತೆ ಹೆಂಗಸರೆಲ್ಲ ಗುದ್ದಿ ನಗುತ್ತಿದ್ದರು. ನಾನು ಹೊರಗೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತು, ಹಂಚಿದ ಗುಗ್ಗರಿಯನ್ನು ಹಿಡಿ ತುಂಬ ಬಾಯಿಗೆ ಹಾಕಿಕೊಂಡಿದ್ದೆ. ಕಡಲೆ ಚೆನ್ನಾಗಿ ಬೆಂದಿರಲಿಲ್ಲ. ಉಸಿರಾಡುವುದೇ ಕಷ್ಟವಾಗಿತ್ತು, ಮಾತು ದೂರ ಉಳಿಯಿತು.

ಆಗ ಪಡಸಾಲೆಯೊಳಗೆ ಭೀಮಣ್ಣನ ದನಿ ಕೇಳಿತು. “ತಂಗೆವ್ವಾ, ಕೂಸು ಎತ್ಕೋ.”

ಗಟ್ಟಿಯಾಗೇನೂ ಇರಲಿಲ್ಲ. ಪಕ್ಕದಲ್ಲಿ ನಿಂತವನು ಹೇಳುವಷ್ಟೇ. ಆದರೆ ಎಲ್ಲರ ನಗು ನಿಂತಿತು, ಕೂಸು ಬೆಚ್ಚಿ ಅಳತೊಡಗಿತು. ಅಕ್ಕ ಅದನ್ನು ಎತ್ತಿಕೊಂಡು ಬಾಗಿಲು ದಾಟಿ ಬಂದಳು.

“ಮಲಗಿದ್ ಕೂಸು ಎಬ್ಬಿಸಿದ್ಯಲ್ಲೋ, ಮಂಗ್ಯಾನಂಥವನ!”

ನಾನು ಉಬ್ಬಿದ ಬಾಯಿಯನ್ನು ಬೆರಳಿನಿಂದ ತೋರಿಸಿದೆ. ಅದೂ ನಾಟಕವೆಂದುಕೊಂಡರು. “ಇವನ ಬೆನ್ನಿಗೂ ನಾಕು ಬೀಳ್ಲಿ ಬರ್ರೆವಾ!” ಎಂದು ಯಾರೋ ಕೂಗಿದರು. ಸೋದರತ್ತೆ ಮುಂದೆ, ಹೆಂಗಸರ ದಂಡು ಹಿಂದೆ, ಕೊನೆಗೆ ಕೋಲೂರಿಕೊಂಡು ಅಜ್ಜಿ. ನಾನು ಅಂಗಳದ ಆ ತುದಿಗೆ ಓಡಿದೆ. ಎರಡು ಗುದ್ದು ಬಿದ್ದಿರಬೇಕು, ಒಳಗೆ ಬಿದಿರು ಸೀಳಿದಂಥ ಸಪ್ಪಳವಾಯಿತು. ಬಾಗಿಲಿನಿಂದ ಮಣ್ಣಿನ ದೂಳು ಹೊರಗೆ ನುಗ್ಗಿತು.

ದೂಳು ಇಳಿದ ಮೇಲೆ ನೋಡಿದೆವು. ತೊಲೆ ಎರಡು ತುಂಡಾಗಿತ್ತು. ತೊಟ್ಟಿಲು ಮಣ್ಣಿನಡಿಯಲ್ಲಿ ಎಲ್ಲಿದೆ ಎಂದು ಹುಡುಕಬೇಕಾಯಿತು.

ಅಜ್ಜಿ ನನ್ನ ಕೆನ್ನೆ ಹಿಡಿದು ಅತ್ತಳು. “ನಿನ್ನ ಕುಚೇಷ್ಟಿ ಮನಿ ಉಳಿಸ್ತಪಾ.” ನಾನಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಖರೇ ಹೇಳಿದೆ, ಅದೂ ಚಲಾವಣೆಯಾಗಲಿಲ್ಲ.

ಮರುದಿನ ಭೀಮಣ್ಣ ಬಂಡಿಯಲ್ಲಿ ಹೊಸ ತೊಲೆ ತಂದ. ಹಿಂದಿನ ದಿನ ಆ ದನಿ ಕೇಳಿದ ಹೊತ್ತಿನಲ್ಲಿ ಅವನು ಲಿಂಗಸುಗೂರಿನಲ್ಲಿ ಕಟ್ಟಿಗೆ ಆರಿಸುತ್ತಿದ್ದನಂತೆ. ಬಂಡಿಯವನೂ ಹೌದೆಂದ. ಭೀಮಣ್ಣನಿಗೆ ನಾನೇ ಎಲ್ಲವನ್ನೂ ಹೇಳಿದೆ. ಅವನು ಮುರಿದ ತೊಲೆಯನ್ನೂ ನನ್ನನ್ನೂ ನೋಡಿ, “ಇರ್ಲಿ ಬಿಡ್ರಿ, ಕೂಸು ಉಳೀತು” ಎಂದು ಕೆಲಸಕ್ಕೆ ಹತ್ತಿದ.

ಮಾಳಿಗೆ ಮುಗಿಯಿತು. ಆದರೆ ಅಕ್ಕ ಕೂಸನ್ನು ಒಳಗೆ ಮಲಗಿಸಲೊಲ್ಲಳು. ಪಕ್ಕದ ಮನೆಯ ಜಗಲಿಯ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದಳು. ನಿದ್ದೆಗೆಟ್ಟು ಕಣ್ಣುಗಳು ಒಳಗೆ ಹೋಗಿದ್ದವು. ಒಂದು ಮುಂಜಾನೆ ನನ್ನನ್ನು ಹತ್ತಿರ ಕರೆದಳು.

“ನಗಬ್ಯಾಡ, ಖರೇ ಹೇಳು. ಅವತ್ತು ಒದರಿದ್ದು ನೀನ ಹೌದಲ್ಲೋ? ದನಿ ನನ್ನ ತಲಿ ಮ್ಯಾಲಿಂದ ಬಂದಾಂಗಿತ್ತು. ನೀ ಅಲ್ಲಂದ್ರ ಯಾರಂತ ತಿಳೀದ ನಾ ಆ ಮನ್ಯಾಗ ಕೂಸು ಹ್ಯಾಂಗ ಹಾಕ್ಲಿ?”

ನಾನು ನಗಲಿಲ್ಲ.

“ನಾನ ಯಕ್ಕಾ” ಎಂದೆ. “ಗುಗ್ಗರಿ ದವಡಿಗೆ ಒತ್ತಿಟ್ಟು ಒದರಿದ್ನಿ. ದನಿ ಎಲ್ಲಿ ಬೇಕಲ್ಲಿ ಒಗೀತೀನಿ ನಾ.”

“ಹಾಳಾದವನ” ಎಂದು ಉಸಿರು ಬಿಟ್ಟಳು. ಅಂದು ಮಧ್ಯಾಹ್ನ ಹೊಸ ತೊಲೆಗೆ ತೊಟ್ಟಿಲು ಕಟ್ಟಿದರು. ಕೂಸಿಗಿಂತ ಮೊದಲು ಅಕ್ಕ ನಿದ್ದೆಹೋದಳು.

ಆಮೇಲೆ ಎಷ್ಟೋ ಬಾರಿ ಯೋಚಿಸಿದ್ದೇನೆ. ಬೇರೆ ಯಾರಾದರೂ ಹೇಳಿರಬಹುದೇ? ಒಳಗಿದ್ದವರೆಲ್ಲ ಹೆಂಗಸರು. ಕಿವಿಯ ಭ್ರಮೆಯೇ? ಹಾಗಾದರೆ ಅಷ್ಟು ಕಿವಿಗಳಿಗೂ ಒಂದೇ ಭ್ರಮೆ. ನನಗೆ ತಿಳಿದಿಲ್ಲ. ಅಕ್ಕ ಈಗಲೂ ಬಂದಾಗ ಅದೇ ಪಡಸಾಲೆಯಲ್ಲಿ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ನಿಶ್ಚಿಂತೆಯಿಂದ ಮಲಗುತ್ತಾಳೆ. ನಾನು ಹೊರಸು ಎತ್ತಿಕೊಂಡು ಅಂಗಳಕ್ಕೆ ನಡೆಯುತ್ತೇನೆ. ಚಳಿಗಾಲದಲ್ಲೂ, ಒಳಗೆ ಬಹಳ ಸೆಕೆ ಎನ್ನುತ್ತೇನೆ.