ಮೆಟ್ಟಿಲೇರುವ ಕುರ್ಚಿ ಯಾರದ್ದು?

ಗೆಳೆಯರೇ, ಇವತ್ತು ಕ್ವೀನ್ಸ್‌ಬರಿಯ ಮನೆಯ ಬೀಗದ ಕೈ ಸಿಕ್ಕಿತು. ನಮ್ಮ ಎಜ್‌ವೇರ್ ಫ್ಲ್ಯಾಟ್ ಮಾರ್ಟಿನ್ ಎಂಬ ಹಿರಿಯರಿಗೆ, ಅವರ ಈ ಮನೆ ನಮಗೆ, ಹೀಗೆ ಅದಲುಬದಲು. ತಕರಾರು ಇದ್ದದ್ದು ಒಂದಕ್ಕೇ: ಮೆಟ್ಟಿಲ ಪಕ್ಕದ ಹಳಿಯ ಮೇಲೆ ಸಾಗಿ, ಕುಳಿತವರನ್ನು ಮಹಡಿಗೆ ಒಯ್ಯುವ ಕುರ್ಚಿ.

"ಸ್ಕ್ರೂ ಹಾಕಿ ಕೂರಿಸಿದ್ದು, ಮನೆಗೇ ಸೇರಿದ್ದು" ಎಂದರು ನಮ್ಮ ಸಾಲಿಸಿಟರ್, ಅಂದರೆ ಮನೆ ವ್ಯವಹಾರದ ವಕೀಲರು.

"ಬಿಚ್ಚಿ ಒಯ್ಯಬಹುದು, ಹಾಗಾಗಿ ಸ್ವಂತ ಸಾಮಾನು" ಎಂದರು ಅವರ ಸಾಲಿಸಿಟರ್.

ವ್ಯವಹಾರ ಮುರಿಯದಿರಲೆಂದು ನಾವೇ ಬಿಟ್ಟುಕೊಟ್ಟೆವು.

ಇವತ್ತು ಮಾರ್ಟಿನ್ ಅದನ್ನು ಬಿಚ್ಚಿಸಲು ಮೆಕ್ಯಾನಿಕ್ ಜೊತೆ ಬಂದರು. ಅಷ್ಟರಲ್ಲಿ ನಮ್ಮ ಅವ್ವ ಮಹಡಿ ನೋಡುವ ಆಸೆಗೆ ಹೊರಟು, ಮಂಡಿನೋವು ತಾಳದೆ ಅರ್ಧದಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದಳು.

"ನನ್ ಕೈಲೆ ಆಗಂಗಿಲ್ಲೋ ತಮ್ಮಾ" ಎಂದಳು.

ಮಾರ್ಟಿನ್‌ಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. "ನನ್ನ ಹೆಂಡತಿಯೂ ಅಲ್ಲೇ ಹೀಗೆ ಕೂರುತ್ತಿದ್ದಳು" ಎಂದವರು, ಮೆಕ್ಯಾನಿಕ್ ಕಡೆ ತಿರುಗಿ, "ಬಿಚ್ಚುವುದು ಬೇಡ, ಇಲ್ಲೇ ಇರಲಿ" ಎಂದರು. ಅವ್ವನನ್ನು ಕೈಹಿಡಿದು ಮೆಲ್ಲಗೆ ಕೆಳಗಿಳಿಸಿ, ಕುರ್ಚಿಯಲ್ಲಿ ಕೂರಿಸಿ, ತಾವೇ ಬಟನ್ ಒತ್ತಿದರು. ನಾನು ಥ್ಯಾಂಕ್ಸ್ ಹೇಳಿ ಅವರ ಕೈ ಕುಲುಕಿದೆ.

ಸಂಜೆಯಾದರೂ ಅವ್ವ ಕೆಳಗಿಳಿದಿಲ್ಲ. "ಚಾ ಆ ಕುರ್ಚಿ ಮ್ಯಾಲ ಇಟ್ಟು ಕಳಸು, ತಾನ ಬರತೈತಿ" ಎಂದು ಮೇಲಿನಿಂದ ಕೂಗುತ್ತಿದ್ದಾಳೆ.