ಬಟ್ಟಲಿಗೆ ಅಡ್ಡ ಹಿಡಿದ ಕೈ

ಕುಕ್ಕರಿನ ವಾಷರ್ ಸಡಿಲವಾಗಿ ಇಂದು ಕುಚ್ಚಲಕ್ಕಿ ಗಂಜಿಯ ತಿಳಿ ಸ್ಟವ್ ತುಂಬ ಉಕ್ಕಿತು. ಒರೆಸುವಾಗ ಆ ಸೀದ ವಾಸನೆಗೆ ಎದುರು ಫ್ಲ್ಯಾಟಿನ ರಷ್ಯನ್ ಅಜ್ಜಿ ನೆನಪಾದರು…

ಆಗ ನಾವು ದುಬೈಯ ಮಿರ್ದಿಫಿಗೆ ಬಂದ ಹೊಸತು. ಅಜ್ಜಿಯ ಮಗಳು ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಅವಳು ಕೆಲಸಕ್ಕೆ ಹೋದರೆ ಅಜ್ಜಿ ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ರಷ್ಯನ್ ಬಾರದು. ಗಂಜಿ, ಉಪ್ಪಿನಕಾಯಿ ಇಬ್ಬರಿಗೂ ಬರುತ್ತಿತ್ತು.

ಬಡಿಸಿದ ಕೂಡಲೇ ಅಜ್ಜಿ ಎಡಗೈಯನ್ನು ಬಟ್ಟಲಿಗೆ ಅಡ್ಡ ಹಿಡಿಯುತ್ತಿದ್ದರು. ನಮ್ಮಲ್ಲಿ ಕೈ ಅಡ್ಡ ಹಿಡಿದರೆ ಸಾಕು ಎಂದರ್ಥವಲ್ಲವೇ? ನಾನು ಸೌಟು ಹಿಂದಕ್ಕೆ ತೆಗೆಯುತ್ತಿದ್ದೆ.

ಒಂದು ಸಂಜೆ ಮಗಳು ಸಂಕೋಚದಿಂದ ಹೇಳಿದಳು, "ತಪ್ಪು ತಿಳೀಬೇಡಿ. ನಿಮ್ಮಲ್ಲಿ ಅಕ್ಕಿಗೆ ಬರವಾ ಅಂತ ಅಮ್ಮ ಕೇಳ್ತಾರೆ. ಒಂದೇ ಸೌಟು ಹಾಕ್ತೀರಂತೆ."

ಆ ಕೈಯ ಕಥೆಯನ್ನು ಅವಳೇ ಹೇಳಿದ್ದು ಆಮೇಲೆ. ಸರ್ಕಾರಿ ಹೊಲದಲ್ಲಿ ಬಿದ್ದ ತೆನೆ ಹೆಕ್ಕಿದ್ದಕ್ಕೆ, ಇನ್ನೂ ಹುಡುಗಿಯಾಗಿದ್ದ ಅಜ್ಜಿಯನ್ನು ಸೋವಿಯತ್ ಸರ್ಕಾರ ಹಿಮದ ಕಾಡಿನ ಶ್ರಮ ಶಿಬಿರಕ್ಕೆ ಕಳಿಸಿತ್ತು. ಮರ ಕಡಿದಷ್ಟೇ ಬ್ರೆಡ್ಡು. ಕೈ ಅಡ್ಡ ಇಲ್ಲದಿದ್ದರೆ ಪಕ್ಕದವರ ಚಮಚ ನಮ್ಮ ಸೂಪಿಗೆ. "ಕೆಲವರು ತಾವಾಗಿಯೇ ಕೈ ತೆಗೀತಿದ್ರಂತೆ. ಅವರು ಆ ಚಳಿಗಾಲ ದಾಟ್ತಿರಲಿಲ್ಲ, ಅಂತಾರೆ ಅಮ್ಮ" ಎಂದಳು.

ಮರುದಿನದಿಂದ ಆ ಕೈಯ ಸಂದಿಯಲ್ಲೇ ಸೌಟು ತೂರಿಸಿ ಬಡಿಸಿದೆ. ಆದರೂ ಒಳಗೊಳಗೇ ಕಿರಿಕಿರಿ. ನನ್ನ ಮನೆಯಲ್ಲಿ ಕಸಿಯುವವರು ಯಾರು? ತುಂಬಿದ ಪಾತ್ರೆಯನ್ನೇ ಎದುರಿಗಿಟ್ಟೆ. ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದೆ. ಮತ್ತೆ ಅಲ್ಲಿಗೇ ಬಂತು.

"ಯಾರೂ ತಗೊಳ್ಳುದಿಲ್ಲ ಅಜ್ಜಿ, ಅದು ನಿಮ್ದೇ" ಎಂದು ಕನ್ನಡದಲ್ಲೇ ಗದರಿದೆ.

ಅಜ್ಜಿ ನಕ್ಕು, ನಡಿ ನಡಿ ಎನ್ನಲು ಇಲ್ಲಿ ಬಂದು ಕಲಿತ ಒಂದೇ ಅರಬ್ಬಿ ಮಾತು ಹೇಳಿದರು, "ಯಲ್ಲಾ, ಯಲ್ಲಾ." ಕೈ ಮಾತ್ರ ಸರಿಯಲಿಲ್ಲ.

"ನಿಂಗೆ ಅವ್ರು ಉಣ್ಬೇಕಾ, ಆ ಕೈ ತೆಗಿಬೇಕಾ ಮಾರಾಯ್ತಿ?" ಎಂದರು ನಮ್ಮವರು.

ನನಗೆ ಎರಡೂ ಬೇಕಿತ್ತು.

ಕೊನೆಗೆ ಅಜ್ಜಿ ಹಾಸಿಗೆ ಹಿಡಿದರು. ಗಂಜಿ ಒಯ್ದು, ದಿಂಬಿಗೆ ಒರಗಿಸಿ, ಮಡಿಲ ಮೇಲೆ ಬಟ್ಟಲಿಟ್ಟೆ. ಎಡಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು… ಇಷ್ಟು ಕಾಲ ನಾನು ಹಟ ಹಿಡಿದದ್ದು ಇದಕ್ಕೇ ತಾನೆ? ನಾನೇ ಆ ಕೈ ಎತ್ತಿ ಬಟ್ಟಲಿಗೆ ಅಡ್ಡ ಇಟ್ಟೆ. ಜಾರಿತು. ಮತ್ತೆ ಇಟ್ಟೆ. "ಹಿಡ್ಕೊಳ್ಳಿ ಅಜ್ಜಿ" ಎಂದೆ. ಬಾಗಿಲಲ್ಲಿದ್ದ ಮಗಳು ಆಚೆ ತಿರುಗಿ ನಿಂತಳು.

ಆ ಫ್ಲ್ಯಾಟಿನಲ್ಲಿ ಈಗ ಬೇರೆಯವರಿದ್ದಾರೆ. ಇಂದು ಊಟಕ್ಕೆ ಕುಳಿತ ಮಗ ಬಟ್ಟಲಿಗೆ ಕೈ ಅಡ್ಡ ಹಿಡಿದು "ಎನಫ್ ಅಮ್ಮಾ" ಎಂದ. ನನ್ನ ಸೌಟು ಅಲ್ಲೇ ನಿಂತಿತು. ಇವನಾದರೆ ಬಾಯಿಬಿಟ್ಟು ಹೇಳುತ್ತಾನೆ. ಅಜ್ಜಿಗೆ ನಮ್ಮ ಮನೆಯಲ್ಲಿ ಹೊಟ್ಟೆ ತುಂಬಿತ್ತೋ ಇಲ್ಲವೋ, ಒಂದು ದಿನವೂ ನನಗೆ ಗೊತ್ತಾಗಲಿಲ್ಲ.